ಅಭಿಷೇಕಕ್ಕೆ ಆಸೆಪಟ್ಟ ಪರದೆ

ಹಿತ್ತಿಲಿಗೆ ತೆರೆಯುವ ದೊಡ್ಡ ಗಾಜಿನ ಬಾಗಿಲಿಗೆ ಯಾವುದು ಒಪ್ಪುತ್ತದೋ ನೋಡೋಣವೆಂದು ವಿಶಾಲಾಕ್ಷಮ್ಮ ಒಳಗೆ ಕೆಂಪು ಪರದೆಯನ್ನೂ ಹೊರಗೆ ಲಾವಂಚದ ತಟ್ಟಿಯನ್ನೂ ತೂಗುಹಾಕಿದರು. ಬೇಸಿಗೆ ಕಳೆದ ಮೇಲೆ ಒಂದನ್ನು ಮಾತ್ರ ಉಳಿಸಿಕೊಳ್ಳುವುದೆಂದು ಮಾತಾಯಿತು.

ಮಧ್ಯಾಹ್ನವಾದರೆ ಆಕೆ ತಂಬಿಗೆಯಿಂದ ತಟ್ಟಿಗೆ ನೀರು ಎರಚುತ್ತಿದ್ದರು. ಮನೆಮಂದಿಯೆಲ್ಲ ಅದರ ಬಳಿ ಕೂತು, "ಆಹಾ, ಎಂಥ ತಂಪು, ಎಂಥ ಪರಿಮಳ!" ಎನ್ನುತ್ತಿದ್ದರು. ಪರದೆಗೆ ಹೊಟ್ಟೆ ಉರಿಯಿತು.

"ಎಲೈ ಬೇರಿನ ಕಂತೆಯೇ, ನನಗಿಲ್ಲದ ಅಭಿಷೇಕ ನಿನಗೇಕೆ?" ಎಂದಿತು.

"ಬಿಸಿಲೆಲ್ಲ ನನ್ನ ಬೆನ್ನ ಮೇಲೆ ಬೀಳುತ್ತದಲ್ಲ, ಅದಕ್ಕೆ," ಎಂದಿತು ತಟ್ಟಿ. "ನಿನ್ನ ಬಣ್ಣ ನೀರಿಗೆ ನಿಲ್ಲುವುದಿಲ್ಲ, ತಾಯಿ. ಒಳಗೇ ಇರು."

"ನನ್ನ ಏಳಿಗೆ ಕಂಡರೆ ನಿನಗಾಗದು!" ಎಂದ ಪರದೆ, ಮರುದಿನ ಗಾಳಿಯ ನೆಪದಲ್ಲಿ ಬಾಗಿಲಾಚೆ ಹಾರಿ ತಂಬಿಗೆಯ ನೀರಿಗೆ ಮೈಯೊಡ್ಡಿತು. ಕೆಂಪೆಲ್ಲ ಬಿಟ್ಟು ನೆಲಕ್ಕೆ ಹರಿಯಿತು.

"ಅಯ್ಯೋ, ಇನ್ನು ಇದನ್ನು ಯಾರ ಕಣ್ಣಿಗೆ ತೋರಿಸಲಿ!" ಎಂದು ವಿಶಾಲಾಕ್ಷಮ್ಮ ಅದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿಕೊಂಡರು.

ಈಗ ಅದಕ್ಕೆ ದಿನವೂ ಬಕೆಟ್ಟಿನ ತುಂಬ ನೀರು. ಅದರ ಕಣ್ಣು ಮಾತ್ರ ಇನ್ನೂ ತಟ್ಟಿಗೆ ಎರಚುವ ತಂಬಿಗೆಯ ಮೇಲೇ ಇದೆ.