ಹೆಸರು ಮುಚ್ಚಿದ ಲೇಖನ

ಕಾಲೇಜಿನ ವ್ಯವಹಾರ ಅರ್ಥಶಾಸ್ತ್ರದ ಪತ್ರಿಕೆ ಹುಟ್ಟುಹಾಕಿದವರು ಪ್ರೊಫೆಸರ್ ಹಾಲಪ್ಪನವರು. ಆಗ ಅದು ಸೈಕ್ಲೋಸ್ಟೈಲ್ ಹಾಳೆಗಳ ಕಟ್ಟು. ಈಗ ಸಂಪಾದಕರು ಸುನೀತಿ ಮೇಡಂ, ಪತ್ರಿಕೆ ದಿಲ್ಲಿಯವರೆಗೂ ಹೋಗುತ್ತದೆ. ಮೇಡಂಗೆ ಯಾರಾದರೂ ಶಭಾಷ್ ಅಂದರೆ ಸಾಕು, ಹಾಲಪ್ಪನವರ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಈ ಉರಿ ಹೊರಗೆ ಕಾಣದಿರಲಿ, ತಾವು ದೊಡ್ಡ ಮನಸ್ಸಿನವರೆನಿಸಲಿ ಎಂದು ಬೆಳ್ಳಿಹಬ್ಬದ ಸಂಚಿಕೆಗೆ ಅವರು ಗುಮಾಸ್ತನನ್ನು ಕರೆದರು. "ಪತ್ರಿಕೆ ಬೆಳೆದ ಕಥೆ ಬರಿ. ಎಲ್ಲವೂ ಈಗಿನ ಸಂಪಾದಕರಿಂದಲೇ ಆಯ್ತು ಅಂತ ಹೊಗಳು. ಕೆಳಗೆ ನನ್ನ ಹೆಸರು ಹಾಕು."

ಗುಮಾಸ್ತ ಬರೆದ. ಆದರೆ ಯಾವ ಲೇಖನವನ್ನೇ ಆಗಲಿ, ಬರೆದವರ ಹೆಸರು ಮುಚ್ಚಿ ಹಿರಿಯರೊಬ್ಬರ ಪರಿಶೀಲನೆಗೆ ಕಳಿಸಬೇಕು, ಪರಿಶೀಲಿಸಿದವರ ಹೆಸರನ್ನೂ ಯಾರಿಗೂ ಹೇಳಬಾರದು ಎಂದು ಹಾಲಪ್ಪನವರೇ ನಿಯಮ ಮಾಡಿದ್ದರು. ಕಾಲೇಜಿನಲ್ಲಿ ಅವರಿಗಿಂತ ಹಿರಿಯರು ಇರಲಿಲ್ಲ; ಗುಮಾಸ್ತ ಹೆಸರು ಮುಚ್ಚಿ ಅವರ ಮೇಜಿಗೇ ಕಳಿಸಿದ.

'ಸಂಪಾದಕರಿಲ್ಲದಿದ್ದರೆ ಪತ್ರಿಕೆಯೇ ಇರುತ್ತಿರಲಿಲ್ಲ' ಎಂದು ಓದುತ್ತಲೇ ಅವರು ಕೆಂಪು ಪೆನ್ನು ಎತ್ತಿಕೊಂಡರು. ತಾವೇ ಬರೆಸಿದ್ದು ನೆನಪಿಗೇ ಬರಲಿಲ್ಲ. ಇದು ಆ ಸುನೀತಿ ತನ್ನನ್ನು ತಾನೇ ಹೊಗಳಿಕೊಂಡದ್ದು! 'ನಾಚಿಕೆಗೆಟ್ಟ ಆತ್ಮಸ್ತುತಿ, ಅಚ್ಚು ಹಾಕಬೇಡಿ' ಎಂದು ಗೀಚಿ ವಾಪಸು ಎಸೆದರು.

ಸಂಚಿಕೆ ಬಂತು. ಅವರ ಲೇಖನ ಇರಲಿಲ್ಲ.

"ಯಾಕಯ್ಯಾ ಹಾಕಲಿಲ್ಲ?"

"ಪರಿಶೀಲಿಸಿದವರು ಬೇಡ ಅಂದರು ಸಾರ್. ನಾಚಿಕೆಗೆಟ್ಟ ಆತ್ಮಸ್ತುತಿಯಂತೆ."

"ಯಾವ ಕತ್ತೆ ಹಾಗಂದದ್ದು?"

ಗುಮಾಸ್ತ ಕೈಮುಗಿದ. "ಹೆಸರು ಹೇಳೋ ಹಾಗಿಲ್ಲ ಸಾರ್, ನೀವೇ ಮಾಡಿದ ನಿಯಮ. ಆದರೆ ಕತ್ತೆ ಅಂದದ್ದು ಮಾತ್ರ ನಾನಲ್ಲ."