ಹೆಗ್ಗಣದ ಏಳು ಬಾಗಿಲು

ಗದ್ದೆಯ ಬದುವಿನಲ್ಲಿ ಬಿಲ ತೋಡಿಕೊಂಡವರೆಲ್ಲ ಪಂಚಾಯಿತಿಗೆ ಬಾಗಿಲಿಗೊಂದು ಹಿಡಿ ಭತ್ತ ಕಂದಾಯ ಕಟ್ಟಬೇಕಿತ್ತು. ಆ ಭತ್ತವನ್ನೇ ಕೂಲಿಗೆ ಕೊಟ್ಟು ಪ್ರತಿ ವರ್ಷ ಮಳೆಗೆ ಮುಂಚೆ ಬದುವನ್ನು ಭದ್ರಪಡಿಸುತ್ತಿದ್ದರು. ಏಳು ಬಾಗಿಲಿನ ಹೆಗ್ಗಣಕ್ಕೆ ಪಕ್ಕದ ಬಿಲದ ಸುಂಡಿಲಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

"ಆ ಚೋಟುದ್ದದ್ದಕ್ಕೆ ಒಂದೇ ಹಿಡಿ, ನನಗೆ ಮಾತ್ರ ಏಳೇ?"

"ಅದಕ್ಕಿರುವುದು ಒಂದೇ ಬಾಗಿಲು. ಕಂದಾಯ ಬಡವರ ಕೈಗೂ ಎಟುಕಬೇಕಲ್ಲವೇ?" ಎಂದಿತು ಅಧ್ಯಕ್ಷ ಆಮೆ.

ಬಾಗಿಲುಗಳ ಎಣಿಕೆಯ ಹಿಂದಿನ ದಿನ ಹೆಗ್ಗಣ ತನ್ನ ಆರು ಬಾಗಿಲಿಗೆ ಮಣ್ಣು ಮೆತ್ತಿತು. ಆಮೆ ಬಂದು, ಕಂಡ ಒಂದೇ ಬಾಗಿಲಿಗೆ ಒಂದೇ ಹಿಡಿ ಒಯ್ದಿತು. ಆ ವರ್ಷ ಕೂಲಿಗೆ ಭತ್ತ ಸಾಲದೆ ಬದುವಿನ ರಿಪೇರಿ ಅರ್ಧಕ್ಕೇ ನಿಂತಿತು. ಹೆಗ್ಗಣ ಮಾತ್ರ ಸುಂಡಿಲಿಯೆದುರು ಮೀಸೆ ತಿರುವಿತು: "ಈಗ ನೀನೂ ನಾನೂ ಸರಿಸಮ!"

ಮೊದಲ ಜಡಿಮಳೆಗೇ ಬದು ಬಿರಿದು, ಉಳಿದಿದ್ದ ಆ ಒಂದೇ ಬಾಗಿಲಿನಿಂದ ನೀರು ಹೆಗ್ಗಣದ ಮನೆಗೆ ನುಗ್ಗಿತು. ಕೂಗು ಕೇಳಿ, ತಾನೂ ನೆನೆದು ತೊಪ್ಪೆಯಾಗಿದ್ದ ಸುಂಡಿಲಿ ಓಡಿಬಂದು ಮೇಲಿನಿಂದ ಸರಸರನೆ ಕಿಂಡಿ ಕೊರೆಯಿತು.

ಕುತ್ತಿಗೆಮಟ್ಟ ನೀರಿನಲ್ಲಿದ್ದ ಹೆಗ್ಗಣ ಕಿಂಡಿಯಿಂದ ಮೂತಿ ಹೊರಹಾಕಿ ಹೇಳಿತು: "ಅಗೆದದ್ದು ನೀನು. ಈ ಬಾಗಿಲಿನ ಕಂದಾಯ ನೀನೇ ಕಟ್ಟಬೇಕು!"