ಪರದೆಯ ಹಿಂದಿನ ಕಲ್ಲು

ಕಲಾ ಪ್ರದರ್ಶನವೊಂದರಲ್ಲಿ ಸಂತೆಯ ಹಳೇ ತಕ್ಕಡಿಯ ಪಕ್ಕದಲ್ಲೇ, ಮುಖ ನೋಡಿ ಸಾಲಕ್ಕೆ ಯೋಗ್ಯರನ್ನು ಆರಿಸುವ ಯಂತ್ರವನ್ನೂ ಇಟ್ಟಿದ್ದರು. ಉದ್ಘಾಟನೆಗೆ ಹಾರ ತಂದ ಸಾಕವ್ವ ಅದರೆದುರು ನಿಂತಳು. ಕೆಂಪು ದೀಪ ಹೊತ್ತಿತು. “ಅಯೋಗ್ಯಳು” ಎಂದಿತು ಯಂತ್ರ.

ತಕ್ಕಡಿಗೆ ಮೈಯೆಲ್ಲ ಉರಿಯಿತು. “ಯಾವ ಕಲ್ಲಿಟ್ಟು ತೂಗಿದೆ?”

“ಕಲ್ಲು ನನ್ನ ಬೆನ್ನಿಗಿರುವ ಬಟ್ಟೆಯ ಪರದೆಯ ಹಿಂದಿದೆ, ತೋರಿಸುವಂತಿಲ್ಲ.”

“ಬದನೆಕಾಯಿ ತೂಗುವಾಗಲೂ ನಾನು ಮೊದಲು ಬರಿ ತಟ್ಟೆ ಎತ್ತಿ ತೋರಿಸುತ್ತಿದ್ದೆ. ನೀನು ಮನುಷ್ಯರನ್ನು ತೂಗುತ್ತೀಯೆ. ಸರಿಸು ಪರದೆ!”

ಪರದೆ ಸರಿಯಲಿಲ್ಲ. ತಕ್ಕಡಿ ರೋಸಿಹೋಗಿ, ತನ್ನ ತೂಕದ ಕಲ್ಲನ್ನೇ ಬೀಸಿ ಪರದೆಯನ್ನು ಕೆಡವಿತು. ಅಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಪ್ರದರ್ಶನಕ್ಕೆ ದುಡ್ಡು ಹಾಕಿದ ಧಣಿ ದೀಪದ ಗುಂಡಿ ಒತ್ತಿ ಹಿಡಿದು ಕೂತಿದ್ದ.

“ಆಹಾ, ಎಂಥ ಕಲೆ!” ಎಂದು ಜನ ಚಪ್ಪಾಳೆ ತಟ್ಟಿದರು. ಧಣಿ ಎದ್ದು ಒಂದು ಕೈಯಲ್ಲಿ ನಮಸ್ಕಾರ ಮಾಡಿದ. ಇನ್ನೊಂದು ಕೈಯನ್ನು ಗುಂಡಿಯಿಂದ ತೆಗೆಯಲಿಲ್ಲ.